ತಡ ಮಾಡಿದವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದೇ ಉಪವಿಭಾಗ. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗಿದ್ದರೆ, ಅದನ್ನು ಮರಳಿ ಕೊಡಿಸಿ ಎಂಬ ಅರ್ಜಿ ಮೊದಲು ಹೋಗುವುದು ಮಧುಗಿರಿಯ ಉಪವಿಭಾಗಾಧಿಕಾರಿಯ ಮುಂದಕ್ಕೆ. ಜನ ಅದನ್ನು ‘ಎ.ಸಿ. ಕೋರ್ಟು’ ಎನ್ನುತ್ತಾರೆ, ಅಲ್ಲಿನ ಈ ಬಗೆಯ ವ್ಯಾಜ್ಯಕ್ಕೆ ‘ಪಿಟಿಸಿಎಲ್ ಕೇಸು’ ಎನ್ನುತ್ತಾರೆ. ಅಲ್ಲಿ ಸೋತವರು ತುಮಕೂರಿನ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬೇಕು, ಅಲ್ಲೂ ಸೋತರೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು. ಪಾವಗಡದ ಗಡಿ ಹಳ್ಳಿಯ ಕೂಲಿ ಕುಟುಂಬವೊಂದು ಎರಡು ಎಕರೆ ಬೆದ್ದಲಿಗಾಗಿ ಈ ಮೂರು ಕಡೆ ಅಲೆದು ಮುಗಿಸುವಷ್ಟರಲ್ಲಿ ಅರ್ಜಿ ಕೊಟ್ಟವರು ತೀರಿಕೊಂಡು, ಅವರ ಮಕ್ಕಳು ವಾರಸುದಾರರೆಂದು ಕಡತಕ್ಕೆ ಸೇರಿರುವುದು ಅಪರೂಪವಲ್ಲ.

ಈಚಿನ ವರ್ಷಗಳಲ್ಲಿ ಈ ಕೇಸುಗಳಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ ಒಂದೇ: ‘ಜಮೀನು ಮಾರಿ ಮೂವತ್ತು ವರ್ಷವಾಯಿತು, ಇಷ್ಟು ದಿನ ಎಲ್ಲಿದ್ದಿರಿ?’ ಕೊಂಡವರ ವಕೀಲರು ಇದನ್ನು ಕೇಳುತ್ತಾರೆ, ನ್ಯಾಯಾಲಯಗಳೂ ಕೇಳುತ್ತವೆ. ಪ್ರಶ್ನೆಯಲ್ಲಿ ತಪ್ಪಿಲ್ಲ, ಆದರೆ ಅದನ್ನು ಅರ್ಜಿದಾರನಿಗೆ ಮಾತ್ರ ಕೇಳುವುದರಲ್ಲಿ ತಪ್ಪಿದೆ. ಜಮೀನು ಕೊಟ್ಟದ್ದು ಸರ್ಕಾರ. ಮಾರಬಾರದೆಂದು ಷರತ್ತು ಬರೆದದ್ದು ಸರ್ಕಾರ. ಆ ಷರತ್ತಿನ ಕಡತ ಇರುವುದು ಸರ್ಕಾರದ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಅದೇ ಜಮೀನಿನ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ನೋಂದಣಿ ಮಾಡಿಕೊಟ್ಟದ್ದೂ ಸರ್ಕಾರದ ಕಚೇರಿಯೇ. ಹೀಗಿರುವಾಗ ವಿಳಂಬದ ಲೆಕ್ಕವನ್ನು ಹೆಬ್ಬೆಟ್ಟು ಒತ್ತಿದವನ ಮನೆಯಿಂದ ಶುರು ಮಾಡುವುದು ನ್ಯಾಯವೂ ಅಲ್ಲ, ಈ ವ್ಯಾಜ್ಯಗಳಿಗೆ ಕೊನೆಯನ್ನೂ ಕಾಣಿಸುವುದಿಲ್ಲ.

ಕಾನೂನು ಹುಟ್ಟಿದ ಹಿನ್ನೆಲೆಯನ್ನು ಮೊದಲು ನೋಡೋಣ. ಗೋಮಾಳ, ಬಂಜರು ಮುಂತಾದ ಸರ್ಕಾರಿ ಭೂಮಿಯಿಂದ ಬಿಡಿಸಿ ಕೊಟ್ಟ ಜಮೀನನ್ನು ಈ ಭಾಗದ ಹಳ್ಳಿಗಳಲ್ಲಿ ‘ದರಖಾಸ್ತು ಜಮೀನು’ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಕಾಲದಲ್ಲೇ ‘ಡಿಪ್ರೆಸ್ಡ್ ಕ್ಲಾಸ್’ ಎಂಬ ಹೆಸರಿನಲ್ಲಿ ಅಸ್ಪೃಶ್ಯರೆನಿಸಿದ ಜಾತಿಗಳ ಕುಟುಂಬಗಳಿಗೆ ಹೀಗೆ ಭೂಮಿ ಕೊಡುವ ಪದ್ಧತಿ ಇತ್ತು. ಕೊಡುವಾಗಲೇ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತಿತ್ತು. ಮಂಜೂರಾದ ವರ್ಷ ಯಾವುದು, ಯಾವ ನಿಯಮದಡಿ, ಉಚಿತವಾಗಿಯೋ ಬೆಲೆ ಕಟ್ಟಿಸಿಕೊಂಡೋ ಎಂಬುದರ ಮೇಲೆ ಆ ನಿರ್ಬಂಧ ಕೆಲವರಿಗೆ ಶಾಶ್ವತವಾಗಿತ್ತು, ಕೆಲವರಿಗೆ ಇಂತಿಷ್ಟು ವರ್ಷ ಎಂದಿತ್ತು. 1969ರ ಭೂ ಮಂಜೂರಾತಿ ನಿಯಮಗಳು ಅದನ್ನು 15 ವರ್ಷ ಎಂದವು. ಷರತ್ತು ಕಾಗದದ ಮೇಲೆ ಉಳಿಯಿತು, ಜಮೀನು ಮಾತ್ರ ಉಳಿಯಲಿಲ್ಲ. ಬರಗಾಲದಲ್ಲಿ ರಾಗಿಗೆ, ಮದುವೆಗೆ, ಕೈಸಾಲದ ಬಡ್ಡಿಗೆ ಎಂದು ಹೊಲಗಳು ಊರಿನ ಬಲಾಢ್ಯರ ಹೆಸರಿಗೆ ಹೋದವು.

ದೇವರಾಜ ಅರಸರ ಸರ್ಕಾರ ಇದಕ್ಕೆ ಉತ್ತರವಾಗಿ ತಂದದ್ದು 1978ರ ಕರ್ನಾಟಕ ಅನುಸೂಚಿತ ಜಾತಿಗಳ ಮತ್ತು ಅನುಸೂಚಿತ ಬುಡಕಟ್ಟುಗಳ (ಕೆಲವು ಜಮೀನುಗಳ ಪರಭಾರೆ ನಿಷೇಧ) ಅಧಿನಿಯಮ, ಅಂದರೆ ಜನ ಹೇಳುವ ಪಿಟಿಸಿಎಲ್ ಕಾಯ್ದೆ. 1979ರ ಜನವರಿ 1ರಿಂದ ಜಾರಿಗೆ ಬಂದ ಈ ಕಾಯ್ದೆ ಎರಡು ಕೆಲಸ ಮಾಡಿತು. ಮಂಜೂರಾತಿಯ ಷರತ್ತು ಮುರಿದು ಆದ ಪರಭಾರೆಗಳು, ಅವು ಕಾಯ್ದೆಗಿಂತ ಹಿಂದೆ ಆಗಿದ್ದರೂ ಸರಿ, ಅಸಿಂಧು ಎಂದಿತು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನನ್ನು ಮಾರುವಂತೆಯೂ ಇಲ್ಲ, ಕೊಳ್ಳುವಂತೆಯೂ ಇಲ್ಲ ಎಂದಿತು. ಪರಭಾರೆ ಎಂದರೆ ಮಾರಾಟವೊಂದೇ ಅಲ್ಲ. ದಾನ, ವಿನಿಮಯ, ಅಡಮಾನ, ಗುತ್ತಿಗೆ, ಕಡೆಗೆ ಮಾರುತ್ತೇನೆಂಬ ಕರಾರು ಕೂಡ ಅದರೊಳಗೆ ಬರುತ್ತದೆ. ಕೊಂಡವರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಷರತ್ತಿದ್ದ ಜಮೀನನ್ನು ಕೊಂಡವನಿಗೆ ದಕ್ಕುವುದು ರದ್ದಾಗಬಹುದಾದ ಹಕ್ಕು ಮಾತ್ರ ಎಂಬುದು ಅದರ ತಿರುಳು. ಕಾಯ್ದೆ ಬರುವ ಮೊದಲೇ ದೀರ್ಘ ಅನುಭವದಿಂದ ಕೊಂಡವನ ಹಕ್ಕು ಗಟ್ಟಿಯಾಗಿಬಿಟ್ಟಿದ್ದರೆ ಅಂಥವರಿಗೆ ರಕ್ಷಣೆಯನ್ನೂ ಅದು ಉಳಿಸಿತು.

ಹಳ್ಳಿಗಳಲ್ಲಿ ಇಂದಿಗೂ ಓಡಾಡುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ‘ಹದಿನೈದು ವರ್ಷ ದಾಟಿದರೆ ಮಾರಬಹುದು’ ಎಂದು ದಲ್ಲಾಳಿಗಳು ಹೇಳುತ್ತಾರೆ, ಕೆಲವು ಪತ್ರ ಬರಹಗಾರರೂ ಹೇಳುತ್ತಾರೆ. ಬೇರೆ ಜಾತಿಗಳ ಮಂಜೂರಿದಾರರ ಮಟ್ಟಿಗೆ ಇದು ಸರಿಯಿರಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1979ರ ನಂತರ ಮಾರುವುದಾದರೆ ಹದಿನೈದು ವರ್ಷ ಕಳೆದಿದ್ದರೂ ಸರ್ಕಾರದ ಅನುಮತಿ ಬೇಕೇ ಬೇಕು. ಎಷ್ಟೋ ಕೊಳ್ಳುವವರು ಈ ಒಂದು ಮಾತು ತಿಳಿಯದೆ ದುಡ್ಡು ಕೊಟ್ಟು ಕೇಸಿಗೆ ಸಿಕ್ಕಿದ್ದಾರೆ. ಎಷ್ಟೋ ಜನ ತಿಳಿದೇ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೊಂಡಿದ್ದಾರೆ.

ಮುಖ್ಯ ವಿಷಯಕ್ಕೆ ಬರೋಣ. ಕಾಯ್ದೆ ಮಾಡಿದವರು ದಡ್ಡರಾಗಿರಲಿಲ್ಲ. ಮಾರಾಟವಾದ ಮೇಲೆ ರದ್ದು ಮಾಡುವುದಕ್ಕಿಂತ ಮಾರಾಟವನ್ನು ನೋಂದಣಿಯ ಹೊತ್ತಿನಲ್ಲೇ ತಡೆಯುವುದು ಸುಲಭ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ 6ನೇ ಕಲಮು ಇದೆ. ತನಗೆ ಒದಗಿಸಲಾದ ಮಂಜೂರು ಜಮೀನುಗಳ ಪಟ್ಟಿಯಲ್ಲಿರುವ ಯಾವುದೇ ಜಮೀನಿನ ಪರಭಾರೆ ಪತ್ರವನ್ನು, ಸರ್ಕಾರದ ಲಿಖಿತ ಅನುಮತಿ ಜೊತೆಗಿಲ್ಲದಿದ್ದರೆ, ಯಾವ ನೋಂದಣಾಧಿಕಾರಿಯೂ ನೋಂದಣಿಗೆ ತೆಗೆದುಕೊಳ್ಳಬಾರದು ಎಂದು ಅದು ಹೇಳುತ್ತದೆ. ಇದರ ಬಲವೆಲ್ಲ ಇರುವುದು ಆ ಪಟ್ಟಿಯಲ್ಲಿ. ಪಟ್ಟಿ ಪೂರ್ತಿಯಾಗಿದ್ದರೆ ಶಿರಾದ ಸಬ್ ರಿಜಿಸ್ಟ್ರಾರ್ ಸರ್ವೆ ನಂಬರ್ ನೋಡಿ ಪತ್ರವನ್ನು ಹಿಂದಿರುಗಿಸುತ್ತಾರೆ, ಕೊಳ್ಳುವವನ ದುಡ್ಡೂ ಉಳಿಯುತ್ತದೆ, ಮಾರುವವನ ಹೊಲವೂ ಉಳಿಯುತ್ತದೆ. ಪಟ್ಟಿ ಇಲ್ಲದಿದ್ದರೆ ಅಥವಾ ಅರೆಬರೆಯಾಗಿದ್ದರೆ ಕಾಯ್ದೆಯ ಕಾವಲು ಅಲ್ಲಿಗೇ ಮುಗಿಯಿತು. 1979ರ ನಂತರದ ನೋಂದಾಯಿತ ಕ್ರಯಪತ್ರಗಳ ಮೇಲೆ ಇಂದಿಗೂ ಕೇಸುಗಳು ನಡೆಯುತ್ತಿರುವುದೇ ಪಟ್ಟಿಯ ಗತಿ ಏನಾಯಿತೆಂಬುದಕ್ಕೆ ಸಾಕ್ಷಿ. ತಡೆಯಬೇಕಾದ ಕಚೇರಿಯೇ ಮುದ್ರೆ ಒತ್ತಿದೆ.

ಅಂಥ ಒಂದು ಕ್ರಯಪತ್ರವನ್ನು ಬಿಡಿಸಿ ಓದಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಇವುಗಳ ಭಾಷೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ‘ನನ್ನ ಸಂಸಾರದ ಖರ್ಚುವೆಚ್ಚಕ್ಕೂ ಕೈಸಾಲ ತೀರುವಳಿಗೂ’ ಮಾರಿದ್ದೇನೆ ಎಂಬ ಕಾರಣ, ನಾಲ್ಕು ದಿಕ್ಕಿನ ಚಕ್ಕುಬಂದಿ, ಇಂದಿನಿಂದ ಸ್ವಾಧೀನಾನುಭವ ನಿಮ್ಮದು ಎಂಬ ಮಾತು, ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ನೋಡಬೇಕಾದ್ದು ಜಮೀನು ಮಾರುವವನಿಗೆ ಹೇಗೆ ಬಂತು ಎಂದು ಹೇಳುವ ಸಾಲನ್ನು. ಮಂಜೂರಾತಿಯಿಂದ ಬಂದದ್ದಾದರೂ ಅಲ್ಲಿ ‘ಪಿತ್ರಾರ್ಜಿತವಾಗಿ ಬಂದ’ ಎಂದು ಬರೆದಿರುತ್ತದೆ. ತಂದೆಗೆ ದರಖಾಸ್ತಿನಲ್ಲಿ ಬಂದದ್ದು ಮಗನಿಗೆ ಪಿತ್ರಾರ್ಜಿತವೇ ತಾನೇ ಎಂದು ಪತ್ರ ಬರಹಗಾರ ಸಮರ್ಥಿಸಿಕೊಳ್ಳಬಹುದು. ಆದರೆ ಆ ಒಂದು ಪದದ ಮರೆಯಲ್ಲಿ ಮಂಜೂರಾತಿ ಪತ್ರವಾದ ಸಾಗುವಳಿ ಚೀಟಿಯೂ ಅದರ ಷರತ್ತೂ ಮಾಯವಾಗುತ್ತವೆ. ಓದು ಬಾರದ ಮಾರಾಟಗಾರ ಆ ಪದವನ್ನು ಆಯ್ದಿರುವುದಿಲ್ಲ. ಪತ್ರ ಬರೆಸಿದ ಖರ್ಚು ಕೊಟ್ಟವರಿಗೇ ಅದು ಬೇಕಾಗಿರುತ್ತದೆ.

ಪಹಣಿಯ ಕಥೆಯೂ ಇದೇ. ಪಹಣಿಯಲ್ಲಿ ಮಾಲೀಕರ ಹೆಸರಿಗೆ ಒಂದು ಕಾಲಂ, ಹಕ್ಕು ಋಣಗಳಿಗೆ ಇನ್ನೊಂದು ಕಾಲಂ ಇದೆ. ‘ಪರಭಾರೆ ನಿಷೇಧ’ ಎಂಬ ಷರಾ ಕಾಣಬೇಕಾದದ್ದು ಅಲ್ಲಿ. ಕೈಬರಹದ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಏರುವಾಗ, ಕೈಬರಹದಲ್ಲಿ ಷರಾ ಇಲ್ಲದಿದ್ದರೆ ಕಂಪ್ಯೂಟರಿನಲ್ಲೂ ಬರಲಿಲ್ಲ. ಇದರ ಜೊತೆಗೆ ಪೋಡಿಯ ಸಮಸ್ಯೆ. ಒಂದೇ ದೊಡ್ಡ ಗೋಮಾಳದ ನಂಬರಿನಲ್ಲಿ ಹತ್ತಾರು ಕುಟುಂಬಗಳಿಗೆ ಎರಡೆರಡು ಎಕರೆ ಕೊಟ್ಟು, ಯಾರ ತುಂಡು ಎಲ್ಲಿ ಎಂದು ಅಳತೆ ಮಾಡಿ ದುರಸ್ತಿ ಮಾಡದೆ ಬಿಟ್ಟರೆ, ಎಲ್ಲರೂ ಅದೇ ಸರ್ವೆ ನಂಬರಿನ ‘ಪೈಕಿ’ದಾರರೇ ಆಗಿರುತ್ತಾರೆ. ಕೊಂಡದ್ದು ಯಾರ ಪೈಕಿಯನ್ನು, ಉಳುತ್ತಿರುವುದು ಯಾರ ಪೈಕಿಯನ್ನು ಎಂದು ಎ.ಸಿ. ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯುವುದಕ್ಕೆ ಇದೇ ಕಾರಣ. ಅಳೆಯದೆ ಬಿಟ್ಟದ್ದೂ ಸರ್ಕಾರವೇ.

ಇಷ್ಟೆಲ್ಲ ಆದ ಮೇಲೆ ಕಾಲದ ಪ್ರಶ್ನೆ ಬಂತು. ಜಮೀನು ಮರಳಿ ಕೇಳಲು 1978ರ ಕಾಯ್ದೆ ಇಂತಿಷ್ಟೇ ವರ್ಷ ಎಂದು ಗಡುವು ಹಾಕಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡುವು ಇಲ್ಲದಿದ್ದರೂ ಅಧಿಕಾರವನ್ನು ‘ಸಮಂಜಸ ಕಾಲ’ದೊಳಗೆ ಚಲಾಯಿಸಬೇಕು ಎಂದಿತು. ಕಾಯ್ದೆ ಜಾರಿಯಾಗಿ ಸುಮಾರು 25 ವರ್ಷದ ಮೇಲೆ ಬಂದ ಅರ್ಜಿಯನ್ನು ಅದು ಒಪ್ಪಲಿಲ್ಲ. ಆ ತೀರ್ಪಿನ ಆಧಾರದ ಮೇಲೆ ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ವಜಾ ಆದವು. ಗೆದ್ದವರ ಆದೇಶಗಳೂ ಮೇಲ್ಮನವಿಯಲ್ಲಿ ಬಿದ್ದವು. ಭೂಮಿ ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ವಿಧಾನಮಂಡಲ 5ನೇ ಕಲಮಿಗೆ ತಿದ್ದುಪಡಿ ತಂದು, ಈ ಕಾಯ್ದೆಯಡಿ ಅರ್ಜಿ ಹಾಕಲು ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಕೇಸುಗಳಿಗೂ ಇದು ಅನ್ವಯ ಎಂದು ಬರೆಯಿತು. ಅಲ್ಲಿಗೆ ಮುಗಿಯಿತೆಂದುಕೊಳ್ಳುವಾಗಲೇ 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೊಸ ಗೆರೆ ಎಳೆಯಿತು. ಕಾಲಮಿತಿ ಬೇರೆ, ವಿಳಂಬ ಬೇರೆ. ತಿದ್ದುಪಡಿ ಕಾಲಮಿತಿಯ ಮಾತಾಡಿದೆಯೇ ಹೊರತು ಅತಿ ವಿಳಂಬದ ತತ್ವವನ್ನು ಅಳಿಸಿಲ್ಲ ಎಂಬುದು ಅದರ ನಿಲುವು.

ಕಾನೂನಿನ ಸೂಕ್ಷ್ಮವಾಗಿ ಈ ವ್ಯತ್ಯಾಸವನ್ನು ಒಪ್ಪಬಹುದು. ನಲವತ್ತು ವರ್ಷ ಒಬ್ಬರು ಉತ್ತು, ಬೋರು ಕೊರೆಸಿ, ತೋಟ ಕಟ್ಟಿದ ನೆಲವನ್ನು ಒಂದು ದಿನ ಬಿಟ್ಟು ಹೋಗಿ ಎನ್ನುವುದು ಯಾವ ನ್ಯಾಯಾಧೀಶರಿಗೂ ಸುಲಭವಲ್ಲ. ಆದರೆ ವಿಳಂಬದ ತತ್ವದ ಬೇರು ಇರುವುದು ತಿಳಿದೂ ಸುಮ್ಮನಿದ್ದವನಿಗೆ ಪರಿಹಾರವಿಲ್ಲ ಎಂಬ ನ್ಯಾಯದಲ್ಲಿ. ತನ್ನ ಅಜ್ಜನಿಗೆ ಸಿಕ್ಕ ಸಾಗುವಳಿ ಚೀಟಿಯನ್ನೇ ನೋಡದ, ಅದರ ನಕಲು ಬೇಕೆಂದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆಯುವ, ಕೊಂಡವರ ಹೊಲದಲ್ಲೇ ಕೂಲಿಗೆ ಹೋಗುವ ಕುಟುಂಬವನ್ನು ತಿಳಿದೂ ಸುಮ್ಮನಿದ್ದವರ ಸಾಲಿಗೆ ಸೇರಿಸುವುದು ಹೇಗೆ?

ಇಲ್ಲಿ ಎಲ್ಲರೂ ಮರೆಯುವ ಇನ್ನೊಂದು ಸಂಗತಿ ಇದೆ. 5ನೇ ಕಲಮು ಅರ್ಜಿಗಾಗಿ ಕಾಯಿರಿ ಎಂದು ಉಪವಿಭಾಗಾಧಿಕಾರಿಗೆ ಹೇಳುವುದಿಲ್ಲ. ಸಂಬಂಧಪಟ್ಟವರು ಅರ್ಜಿ ಕೊಡಬಹುದು, ಯಾರೇ ಆದರೂ ಲಿಖಿತ ಮಾಹಿತಿ ಕೊಡಬಹುದು, ಅಥವಾ ಅಧಿಕಾರಿ ತಾನಾಗಿಯೇ ಕ್ರಮ ಜರುಗಿಸಬಹುದು. ಮಂಜೂರು ಜಮೀನು ಮೂಲ ಮಂಜೂರಿದಾರನನ್ನೋ ಅವನ ವಾರಸುದಾರರನ್ನೋ ಬಿಟ್ಟು ಬೇರೆಯವರ ಸ್ವಾಧೀನದಲ್ಲಿದ್ದರೆ, ಅದು ಅಸಿಂಧು ಪರಭಾರೆಯಿಂದಲೇ ಬಂದದ್ದೆಂದು ಮೊದಲು ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಸ್ವಾಧೀನದಲ್ಲಿರುವವರದು ಎಂದೂ ಕಾಯ್ದೆ ಹೇಳಿದೆ. ಅಂದರೆ 1979ರಿಂದ ಇಂದಿನವರೆಗೆ ಪ್ರತಿ ವರ್ಷವೂ, ಪ್ರತಿ ಉಪವಿಭಾಗದಲ್ಲೂ, ತನ್ನದೇ ದಾಖಲೆ ತೆಗೆದು ನೋಡಿ ಕೇಸು ಶುರು ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಅದನ್ನು ಬಳಸದೆ ಬಿಟ್ಟದ್ದು ವಿಳಂಬವಲ್ಲವೇ? ಕಲಿತವರಿರುವ, ಕಡತವಿರುವ, ಸಿಬ್ಬಂದಿಯಿರುವ ಕಚೇರಿ ನಾಲ್ಕು ದಶಕ ಸುಮ್ಮನಿದ್ದದ್ದು ಲೆಕ್ಕಕ್ಕಿಲ್ಲ, ಕೂಲಿಯವನು ಸುಮ್ಮನಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದರೆ ಸಮಂಜಸ ಕಾಲ ಎಂಬ ಮಾತಿನ ಸಮಂಜಸತೆ ಎಲ್ಲಿ ಉಳಿಯಿತು?

ಕೊಂಡವರ ಪರವಾಗಿರುವ ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಕೊಂಡವರೆಲ್ಲ ಜಮೀನ್ದಾರರಲ್ಲ. ಮಗಳ ಒಡವೆ ಅಡವಿಟ್ಟು ಪಕ್ಕದ ಎರಡು ಎಕರೆ ಕೊಂಡ ಸಣ್ಣ ರೈತರಿದ್ದಾರೆ, ಅವರೂ ಹಿಂದುಳಿದ ಜಾತಿಗಳವರೇ. ‘ಸರ್ಕಾರದ ಆಫೀಸಿನಲ್ಲೇ ರಿಜಿಸ್ಟರ್ ಆಯಿತು, ಖಾತೆ ಆಯಿತು, ಕಂದಾಯ ಕಟ್ಟಿಸಿಕೊಂಡರು, ಬ್ಯಾಂಕು ಸಾಲ ಕೊಟ್ಟಿತು, ಈಗ ಪತ್ರ ಸಿಂಧುವಲ್ಲ ಎಂದರೆ ಹೇಗೆ?’ ಎಂದು ಅವರು ಕೇಳುತ್ತಾರೆ. ನಮ್ಮ 1908ರ ನೋಂದಣಿ ಕಾಯ್ದೆಯ ಪ್ರಕಾರ ಉತ್ತರ ಕಠೋರವಾದದ್ದು: ನೋಂದಣಿ ಎಂಬುದು ಪತ್ರಕ್ಕೆ ಸಿಗುವ ದಾಖಲೆ, ಮಾಲೀಕತ್ವಕ್ಕೆ ಸಿಗುವ ಖಾತರಿಯಲ್ಲ. ಮಾರುವವನಿಗೆ ಹಕ್ಕಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದು ಮಾಡುವಾಗಲೂ ಹೇಳಿದೆ. ಆದರೆ ಆ ತತ್ವ ಇಲ್ಲಿ ಸರ್ಕಾರದ ರಕ್ಷಣೆಗೆ ಬರುವುದಿಲ್ಲ. ಮಂಜೂರು ಜಮೀನಿನ ವಿಷಯದಲ್ಲಿ ಸಬ್ ರಿಜಿಸ್ಟ್ರಾರ್ ಹಕ್ಕನ್ನು ತೂಗಿ ನೋಡಬೇಕಿಲ್ಲ. ಪಟ್ಟಿ ನೋಡಬೇಕು, ಅನುಮತಿ ಪತ್ರ ಕೇಳಬೇಕು, ಅಷ್ಟೇ. ಆ ಸಣ್ಣ ಕೆಲಸ ಆಗುವಂತೆ ಮಾಡದ ಸರ್ಕಾರವೇ ಈ ಸಣ್ಣ ರೈತನಿಗೂ ಉತ್ತರ ಹೇಳಬೇಕಾದದ್ದು.

ನೆರೆಯ ಆಂಧ್ರದ ಉದಾಹರಣೆ ಪಾವಗಡದವರಿಗೆ ಹೊರಗಿನದ್ದಲ್ಲ. ತಾಲ್ಲೂಕಿನ ಬಹುಭಾಗ ಗಡಿ ಆಂಧ್ರದ್ದೇ, ಮಡಕಶಿರಾ ಹಿಂದೂಪುರಗಳ ಕಡೆ ನೆಂಟಸ್ತಿಕೆ ಇಲ್ಲದ ಮನೆ ಕಡಿಮೆ. ಅಲ್ಲಿ 1977ರಲ್ಲೇ ಹಂಚಿಕೆ ಜಮೀನಿನ ಪರಭಾರೆ ನಿಷೇಧ ಕಾಯ್ದೆ ಬಂತು. ಅದು ಜಾತಿ ನೋಡದೆ ಭೂರಹಿತ ಬಡವರಿಗೆ ಹಂಚಿದ ಎಲ್ಲ ಜಮೀನಿಗೂ ಅನ್ವಯ. ಅದರಲ್ಲಿ ನಮ್ಮಲ್ಲಿಲ್ಲದ ಒಂದು ವಿವೇಕವಿತ್ತು. ಕಾಯ್ದೆ ಬರುವ ಮೊದಲು ಬೆಲೆ ಕೊಟ್ಟು, ಪ್ರಾಮಾಣಿಕವಾಗಿ ಕೊಂಡವನು ತಾನೂ ಭೂರಹಿತ ಬಡವನಾಗಿದ್ದರೆ ಅವನನ್ನು ಎಬ್ಬಿಸಬಾರದೆಂದು ಅದು ಹೇಳಿತು. ಬಡವನ ಜಮೀನನ್ನು ಸಿರಿವಂತ ಕೊಂಡದ್ದಕ್ಕೂ ಇನ್ನೊಬ್ಬ ಬಡವ ಕೊಂಡದ್ದಕ್ಕೂ ವ್ಯತ್ಯಾಸ ಮಾಡಿತು. ಆದರೆ 2023ರಲ್ಲಿ ಅದೇ ಆಂಧ್ರ, ಹಂಚಿಕೆಯಾಗಿ 20 ವರ್ಷ ದಾಟಿದ ಜಮೀನನ್ನು ಮಾರುವ ಪೂರ್ಣ ಹಕ್ಕನ್ನು ಮಂಜೂರಿದಾರರಿಗೆ ಕೊಟ್ಟಿತು. ಮೊದಲೇ ಕರಾರು ಬರೆಸಿಟ್ಟುಕೊಂಡವರು ಸಾಲುಗಟ್ಟಿದರೆಂಬ ಆರೋಪಗಳೆದ್ದು, 2024ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಆ ನೋಂದಣಿಗಳನ್ನು ತಡೆದು ತನಿಖೆಗೆ ಇಳಿಯಬೇಕಾಯಿತು. ಬಾಗಿಲನ್ನು ಪೂರ್ತಿ ತೆರೆದರೆ ಒಳಗೆ ಬರುವುದು ಯಾರೆಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ.

‘ದಲಿತರಿಗೆ ಮಾತ್ರ ತಮ್ಮ ಆಸ್ತಿ ಮಾರುವ ಸ್ವಾತಂತ್ರ್ಯವಿಲ್ಲವೇ?’ ಎಂಬ ಪ್ರಶ್ನೆಯನ್ನು ದಲಿತ ಯುವಕರೇ ಕೇಳುವುದುಂಟು. ಅದನ್ನು ತಳ್ಳಿಹಾಕಬಾರದು. ಮಾರಲಾಗದ ಜಮೀನಿಗೆ ಬೆಲೆ ಕಡಿಮೆ. ಮಗನ ಓದಿಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಅನುಮತಿ ಕೇಳಿದರೆ ಅರ್ಜಿ ಗ್ರಾಮ ಆಡಳಿತ ಅಧಿಕಾರಿಯಿಂದ ತಹಶೀಲ್ದಾರ್, ಎ.ಸಿ., ಜಿಲ್ಲಾಧಿಕಾರಿ ಎಂದು ಏರುತ್ತ ವಿಧಾನಸೌಧ ಮುಟ್ಟಬೇಕು. ಅದು ಮುಟ್ಟುವಷ್ಟರಲ್ಲಿ ಆಸ್ಪತ್ರೆಯ ಅಗತ್ಯವೇ ಮುಗಿದಿರುತ್ತದೆ. ಹಾಗಾಗಿ ಛಾಪಾ ಕಾಗದದ ಮೇಲೆ ಕರಾರು, ಜೊತೆಗೊಂದು ಜಿಪಿಎ, ಕೈಗೆ ಅರ್ಧ ಬೆಲೆ. ಅನುಮತಿಯ ದಾರಿ ದುರ್ಗಮವಾದಷ್ಟೂ ಅಡ್ಡದಾರಿಯ ವ್ಯಾಪಾರ ಜೋರಾಗುತ್ತದೆ. ಆದರೆ ಇದರಿಂದ ನಿಷೇಧವನ್ನೇ ತೆಗೆಯಿರಿ ಎಂಬ ತೀರ್ಮಾನಕ್ಕೆ ಹಾರುವಂತಿಲ್ಲ. ಸಾಲ ಕೊಟ್ಟವನೇ ಕೊಳ್ಳುವವನೂ ಆಗಿರುವ ಊರಿನಲ್ಲಿ ಮಾರುವ ಸ್ವಾತಂತ್ರ್ಯವೆಂದರೆ ಅವನು ಹೇಳಿದ ಬೆಲೆಗೆ ಕೊಡುವ ಸ್ವಾತಂತ್ರ್ಯವೇ. ಕಷ್ಟಕ್ಕೆ ಮಾರಲೇಬೇಕಾದವನ ಜಮೀನನ್ನು ಸರ್ಕಾರವೇ ಮಾರ್ಗಸೂಚಿ ಬೆಲೆಗೆ ಕೊಳ್ಳಲಿ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ‘ಭೂ ಒಡೆತನ’ ಯೋಜನೆಯಲ್ಲಿ ಭೂರಹಿತ ಪರಿಶಿಷ್ಟ ಜಾತಿಯ ಮಹಿಳೆಯರಿಗಾಗಿ ಸರ್ಕಾರ ಈಗಾಗಲೇ ಜಮೀನು ಕೊಳ್ಳುತ್ತಿದೆ. ಒಂದು ಇಲಾಖೆ ದುಡ್ಡು ಕೊಟ್ಟು ದಲಿತರಿಗೆ ಭೂಮಿ ಹುಡುಕುತ್ತಿರುವಾಗ, ಇನ್ನೊಂದು ಇಲಾಖೆ ಹಿಂದೆ ಕೊಟ್ಟ ಭೂಮಿ ಕೈತಪ್ಪುವುದನ್ನು ನೋಂದಣಿ ಮಾಡಿಕೊಡುತ್ತಿದೆ. ಇವೆರಡನ್ನೂ ಜೋಡಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ಈ ಜಗಳಗಳು ಈಗ ಹೆಚ್ಚು ಬಿಸಿಯಾಗಿರುವುದಕ್ಕೂ ಕಾರಣವಿದೆ. ಕಡಲೆಕಾಯಿ ಬಿಟ್ಟರೆ ಬೇರೇನೂ ಬೆಳೆಯದ ನೆಲವೆಂದು ಮೂಗು ಮುರಿಯುತ್ತಿದ್ದ ಕಡೆ ಈಗ ದುಡ್ಡು ಬಂದಿದೆ. ಶಿರಾದ ಮೂಲಕ ಹೆದ್ದಾರಿ, ಕೊರಟಗೆರೆಗೆ ದೂರವಿಲ್ಲದ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಕೊರಟಗೆರೆ–ಮಧುಗಿರಿ–ಪಾವಗಡ ಹಾದು ಹೋಗುವ ತುಮಕೂರು–ರಾಯದುರ್ಗ ರೈಲು ಮಾರ್ಗ. ಭೂಸ್ವಾಧೀನದ ಪರಿಹಾರ ಬಂದಾಗ ಹಣ ಖಾತೆದಾರನಿಗೋ ಮೂಲ ಮಂಜೂರಿದಾರನ ವಾರಸುದಾರನಿಗೋ ಎಂಬ ಪ್ರಶ್ನೆ ಏಳುತ್ತದೆ. ಬೆಲೆ ಏರಿದಾಗ ಕೇಸು ಹಾಕಿಸಿ, ಗೆದ್ದರೆ ಪಾಲು ಕೇಳುವ ದಲ್ಲಾಳಿಗಳೂ ಹುಟ್ಟಿದ್ದಾರೆ. ಇದನ್ನು ತೋರಿಸಿ ಇಡೀ ಕಾಯ್ದೆಯನ್ನೇ ದೂರುವವರಿದ್ದಾರೆ. ದಲ್ಲಾಳಿಗೆ ಅವಕಾಶ ಸಿಕ್ಕಿದ್ದು ವ್ಯಾಜ್ಯ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದದ್ದರಿಂದ. 1980ರಲ್ಲೇ ಪಟ್ಟಿ ತೆಗೆದು ಹೊಲಗಳನ್ನು ಹಿಂದಿರುಗಿಸಿದ್ದರೆ 2020ರಲ್ಲಿ ಮಾರಲು ಅವನ ಬಳಿ ಕೇಸೇ ಇರುತ್ತಿರಲಿಲ್ಲ.

ಪಟ್ಟಿ ಮಾಡುವುದು ಕಷ್ಟ, ಹಳೆಯ ದಾಖಲೆ ಹರಿದಿದೆ, ಸಿಬ್ಬಂದಿ ಇಲ್ಲ ಎಂಬ ಉತ್ತರ ತಾಲ್ಲೂಕು ಕಚೇರಿಗಳಲ್ಲಿ ಸಿದ್ಧವಾಗಿರುತ್ತದೆ. ಅದಕ್ಕೆ ಪಾವಗಡ ತಾಲ್ಲೂಕಿನೊಳಗೇ ಪ್ರತ್ಯುತ್ತರವಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ‘ಶಕ್ತಿಸ್ಥಳ’ ಸೌರ ಪಾರ್ಕ್ ಎದ್ದಿತು. ಜಮೀನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುವ ದರದಲ್ಲಿ 28 ವರ್ಷದ ಗುತ್ತಿಗೆಗೆ ಪಡೆದರು. ಎರಡು ಸಾವಿರಕ್ಕೂ ಹೆಚ್ಚು ರೈತರೊಂದಿಗೆ ಗುತ್ತಿಗೆ ಪತ್ರವಾಗಬೇಕಾದರೆ ಯಾವ ತುಂಡು ಯಾರದ್ದು, ಅಳತೆ ಎಷ್ಟು ಎಂಬುದು ತೀರ್ಮಾನವಾಗಲೇಬೇಕು. 2015ರಲ್ಲಿ ಸೌರ ಪಾರ್ಕಿಗೆಂದು ನಿಗಮ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದು ತೀರ್ಮಾನವಾಯಿತು. ದಾಖಲೆ ಇದ್ದವರಿಗೆ ಬಾಡಿಗೆ ಬಂತು, ಜಮೀನಿಲ್ಲದ ಕೂಲಿಯವರಿಗೆ ಇದ್ದ ಕೆಲಸವೂ ಹೋಯಿತು ಎಂಬ ನೋವು ಬೇರೆ ಇದೆ. ಇಲ್ಲಿ ಹೇಳಬೇಕಾದ್ದು ಇಷ್ಟೇ: ಬಂಡವಾಳ ಹೂಡುವವರಿಗೆ ದಾಖಲೆ ಬೇಕಾದಾಗ ಸರ್ಕಾರಕ್ಕೆ ಸಿಬ್ಬಂದಿಯೂ ಸಿಕ್ಕಿತು, ಸರ್ವೆಯೂ ಆಯಿತು. ಮಂಜೂರಿದಾರರಿಗೆ ಬೇಕಾದಾಗ ಅದು ಅಸಾಧ್ಯ ಎಂದರೆ ನಂಬಲಾಗದು.

ಆಗಬೇಕಾದ ಕೆಲಸ ಹೀಗಿದೆ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ಈಗ ತಾಲ್ಲೂಕು ಕಚೇರಿಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಸಿಗುವ ಮಂಜೂರಾತಿ ವಹಿ, ಸಾಗುವಳಿ ಚೀಟಿಗಳಿಂದ 6ನೇ ಕಲಮಿನ ಪಟ್ಟಿಯನ್ನು ಹಳ್ಳಿವಾರು ಸಿದ್ಧಪಡಿಸಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಅಂಟಿಸಬೇಕು, ಆಕ್ಷೇಪಣೆ ಕೇಳಬೇಕು, ನಂತರ ಪಹಣಿಯಲ್ಲಿ ಷರಾ ಬರೆಯಬೇಕು. ನೋಂದಣಿಯ ‘ಕಾವೇರಿ’ ತಂತ್ರಾಂಶ ‘ಭೂಮಿ’ಯ ಆ ಷರಾವನ್ನು ಕಂಡ ತಕ್ಷಣ ಪತ್ರ ಮುಂದೆ ಹೋಗದಂತಿರಬೇಕು. ಪಟ್ಟಿಯಲ್ಲಿ ಕಂಡ ಪ್ರತಿ ಅಕ್ರಮ ಪರಭಾರೆಗೂ ಎ.ಸಿ. ತಾನಾಗಿಯೇ ಕೇಸು ದಾಖಲಿಸಬೇಕು. ಆಗ ತಡವಾಗಿ ಬಂದಿರಿ ಎಂಬ ಮಾತನ್ನು ಕುಟುಂಬಕ್ಕೆ ಹೇಳಲು ಬರುವುದಿಲ್ಲ. ಕೊಂಡವನು ತಾನೇ ಸಣ್ಣ ಹಿಡುವಳಿದಾರನಾಗಿ, ಪಟ್ಟಿಯಾಗಲಿ ಪಹಣಿಯ ಷರಾ ಆಗಲಿ ಇಲ್ಲದ ಕಾಲದಲ್ಲಿ ನೋಂದಣಿ ಮಾಡಿಸಿಕೊಂಡಿದ್ದರೆ, ಜಮೀನು ಮಂಜೂರಿದಾರನ ಕುಟುಂಬಕ್ಕೆ ಹೋಗಲಿ, ಕೊಂಡವನ ನಷ್ಟವನ್ನು ಸರ್ಕಾರ ತುಂಬಿಕೊಡಲಿ. ಸುಧಾರಣೆಯ ಖರ್ಚು ಕೇಳುವ ಹಕ್ಕು ಇಂಥ ಖರೀದಿದಾರನಿಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕಾಗಿ ಸಿಗದಿದ್ದನ್ನು ಸರ್ಕಾರ ತನ್ನ ತಪ್ಪಿನ ಪ್ರಾಯಶ್ಚಿತ್ತವಾಗಿ ಕೊಡುವುದಕ್ಕೆ ಆ ತೀರ್ಪು ಅಡ್ಡ ಬರುವುದಿಲ್ಲ. ಅನುಮತಿ ಅರ್ಜಿಗೆ ಗಡುವು ಹಾಕಬೇಕು, ಮಾರಾಟ ಅನಿವಾರ್ಯವಾದರೆ ಮೊದಲ ಖರೀದಿದಾರ ಅಂಬೇಡ್ಕರ್ ನಿಗಮವೇ ಆಗಬೇಕು. ಆದೇಶ ಹೊರಟ ಮೇಲೆ ಅಳತೆ ಮಾಡಿ, ಕಲ್ಲು ನೆಟ್ಟು, ಸ್ವಾಧೀನ ಬಿಡಿಸಿಕೊಟ್ಟು, ಪಹಣಿ ಬದಲಾಗುವವರೆಗೂ ಆ ಕಡತ ಮುಗಿಯಿತೆಂದು ಕಟ್ಟಿಡುವಂತಿರಬಾರದು.

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರು ಎಂಬ ಗಾದೆ ಈ ಮಾತಿಗೆ ಎದುರಾಗಬಹುದು. ಕೊಳ್ಳೆ ಇನ್ನೂ ಮುಗಿದಿಲ್ಲ. ಬಗರ್ ಹುಕುಂ (ಅನಧಿಕೃತ ಸಾಗುವಳಿ) ಸಕ್ರಮದ ನಮೂನೆ 50, 53, 57ರ ಅರ್ಜಿಗಳಲ್ಲಿ ಇಂದಿಗೂ ಹೊಸ ಸಾಗುವಳಿ ಚೀಟಿಗಳು ಹೊರಡುತ್ತಿವೆ, ಅವುಗಳ ಮೇಲೂ ಪರಭಾರೆ ನಿಷೇಧದ ಷರತ್ತಿದೆ. ಇಂದು ಕೊಡುವ ಚೀಟಿಯ ವಿವರ ಇಂದೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ತಲುಪದಿದ್ದರೆ, 2060ರಲ್ಲಿ ಮಧುಗಿರಿಯ ಎ.ಸಿ. ಕೋರ್ಟಿನಲ್ಲಿ ನಡೆಯುವ ಕೇಸುಗಳನ್ನು ನಾವು ಈಗಲೇ ಬರೆದಿಡುತ್ತಿದ್ದೇವೆ ಎಂದೇ ಅರ್ಥ. ಹಳೆಯ ವ್ಯಾಜ್ಯದಲ್ಲಿ ಯಾರು ಎಷ್ಟು ವರ್ಷ ತಡ ಮಾಡಿದರು ಎಂದು ನ್ಯಾಯಾಲಯಗಳು ತೂಗುತ್ತಿರಲಿ. ಹೊಸ ಚೀಟಿಗಳ ವಿಷಯದಲ್ಲಿ ತಡವಾದರೆ ಅದು ಯಾರದ್ದೆಂದು ತೂಗಿ ನೋಡುವ ಅಗತ್ಯವೇ ಇರುವುದಿಲ್ಲ.